ಈಸ್ಟರ್‌ಗೆ ಹಳ್ಳಿಮನೆ ಅಲಂಕಾರ: ನೀವು ಕೇಳಿದ್ದು, ನಾನು ಹೇಳೋದು

ಈ ವರ್ಷ, ಅಂದ್ರೆ 2026ರಲ್ಲಿ, ಈಸ್ಟರ್ ಏಪ್ರಿಲ್ 5ಕ್ಕೆ ಬಂದಿದೆ. ಯುಗಾದಿ ಮಾವಿನ ತೋರಣ ಇನ್ನೂ ಬಾಗಿಲಲ್ಲಿ ಒಣಗ್ತಾ ನೇತಾಡ್ತಿರುತ್ತೆ, ಅಷ್ಟರಲ್ಲಿ ಇದು. ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಇದರದ್ದೇ. ಎಲ್ಲರ ಮೊಬೈಲ್‌ಗೂ ಅದೇ "ಕಾಟೇಜ್ ಸ್ಟೈಲ್" ಫೋಟೋಗಳು ಬಂದಿವೆ ಅನ್ಸುತ್ತೆ, ಯಾಕಂದ್ರೆ ಎಲ್ಲರೂ ಅದನ್ನೇ ಕೇಳ್ತಿದ್ದೀರಿ. ಹೆಸರು ಹಾಕಬೇಡಿ ಅಂದವರು ಜಾಸ್ತಿ, ಹಾಗಾಗಿ ಯಾರದ್ದೂ ಹಾಕಿಲ್ಲ, ಬಡಾವಣೆ, ಇಲ್ಲಾಂದ್ರೆ ಊರಿನ ಹೆಸರು ಅಷ್ಟೇ.

ಪ್ರಶ್ನೆ: ನಮ್ಮದು ಬಾಡಿಗೆ ಮನೆ, ಎರಡು ರೂಮು. ಇಂಟರ್ನೆಟ್‌ನಲ್ಲಿ ನೋಡಿದ ಕಾಟೇಜ್ ಥರ ಈಸ್ಟರ್‌ಗೆ ಮನೆ ಸಿಂಗರಿಸ್ಬೇಕು ಅಂತ ಆಸೆ, ಬಿಳಿ ಮರದ ಟೇಬಲ್ಲು, ಬಾಗಿಲಿಗೆ ನೇತಾಕೋ ಕಡ್ಡಿ ಹೆಣೆದ ಬಳೆ, ಉಣ್ಣೆ ಹೊದಿಕೆ ಎಲ್ಲ. ಗೋಡೆಗೆ ಮೊಳೆ ಹೊಡಿಯಂಗಿಲ್ಲ. ಆನ್‌ಲೈನಲ್ಲಿ ಕಟ್ಟಿಗೆದು ಒಂದು "ಹ್ಯಾಪಿ ಈಸ್ಟರ್" ಬೋರ್ಡ್ ನೋಡಿದ್ದೀನಿ, 1,400 ರೂಪಾಯಿ. ನನ್ನ ಹತ್ರ ಇರೋದೇ ಎರಡು ಸಾವಿರ. ತಗೊಳ್ಳಲಾ? (ವಿದ್ಯಾನಗರ, ದಾವಣಗೆರೆ)

ಬೇಡ. ಆ ಬೋರ್ಡು ಫ್ಯಾಕ್ಟರೀಲಿ ಮಾಡಿ, ಆಮೇಲೆ ಹಳೇದು ಕಾಣ್ಲಿ ಅಂತ ಮರಳುಕಾಗದ ಹಾಕಿ ಉಜ್ಜಿರೋದು. ನಿಜವಾದ ಹಳೇದು ನಿಮ್ಮ ಅಜ್ಜಿ ಮನೆ ಅಟ್ಟದ ಮೇಲೆ ಸುಮ್ನೆ ಬಿದ್ದಿರುತ್ತೆ, ಅದಕ್ಕೆ ಕಾಸಿಲ್ಲ.

ಮೊದಲು ಒಂದು ವಿಷಯ ತಲೇಲಿಟ್ಕೊಳ್ರಿ. ಆ ಫೋಟೋದ ಮನೆಗಳು ಚಳಿ ದೇಶದವು, ಅಲ್ಲಿ ಈಸ್ಟರ್ ಅಂದ್ರೆ ಹಿಮ ಕರಗಿ ಹುಲ್ಲು ಚಿಗುರೋ ಹೊತ್ತು, ಅದಕ್ಕೇ ಬೆಂಕಿಗೂಡು, ದಪ್ಪ ಪರದೆ, ರೋಮದ ಕಾರ್ಪೆಟ್ಟು. ನಮ್ಮಲ್ಲಿ ಏಪ್ರಿಲ್ ಅಂದ್ರೆ ಮಧ್ಯಾಹ್ನ ರೋಡಿಗೆ ಕಾಲಿಡೋಕಾಗಲ್ಲ, ಫ್ಯಾನ್ ಹಾಕಿದ್ರೂ ಬಿಸಿಗಾಳಿ. ಹಾಗಾಗಿ ಅವರ ಸಾಮಾನು ಬಿಟ್ಟು ಬಿಡ್ರಿ, ಅವರ ಬುದ್ಧಿ ಮಾತ್ರ ತಗೊಳ್ರಿ: ಸುತ್ತಮುತ್ತ ಬೆಳೆದದ್ದು, ಮನೇಲಿ ಸವೆದದ್ದು, ಕೈಯಲ್ಲಿ ಹೆಣೆದದ್ದು, ಅಷ್ಟೇ ಅದರ ಗುಟ್ಟು. ಆ ಲೆಕ್ಕಕ್ಕೆ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆ ಬಡವೇನಲ್ಲ. ಚಳ್ಳಕೆರೆ ಕಂಬಳಿ, ಚನ್ನಗಿರಿ ಕಡೆ ಅಡಿಕೆ ಹಾಳೆ, ಮೇದಾರರ ಬಿದಿರು ಬುಟ್ಟಿ, ಹಳೇ ಸೀರೆ ಹೊಲಿದ ಕೌದಿ, ಬೇಕಾದಷ್ಟು ಮೆಕ್ಕೆಜೋಳದ ಸಿಪ್ಪೆ. ಇನ್ನೇನು ಬೇಕ್ರಿ?

ಇಡೀ ಮನೆ ಮಾಡೋಕೆ ಹೋಗಬೇಡ್ರಿ, ಒಂದು ಟೇಬಲ್ಲು ಮತ್ತೆ ಮುಂಬಾಗಿಲು ಸಾಕು. ಟೇಬಲ್ ಮೇಲಿರೋ ಪ್ಲಾಸ್ಟಿಕ್ ಶೀಟು, ಪ್ಲಾಸ್ಟಿಕ್ ಹೂವಿನ ಕುಂಡ, ರಿಮೋಟು, ಕರೆಂಟ್ ಬಿಲ್ಲು ಎಲ್ಲ ತೆಗೀರಿ, ಇದೇ ಅರ್ಧ ಕೆಲಸ. ಮನೇಲಿ ಹಳೇ ಬಿಳಿ ಪಂಚೆ ಇರುತ್ತಲ್ಲ, ಒಗೆದೂ ಒಗೆದೂ ಮೆತ್ತಗಾಗಿರೋದು, ಅದನ್ನ ಗಂಜಿ ಹಾಕದೆ, ಇಸ್ತ್ರಿ ಮಾಡದೆ ಉದ್ದಕ್ಕೆ ಹಾಸ್ರಿ, ಸುಕ್ಕು ಇರ್ಲಿ, ಸುಕ್ಕೇ ಚೆಂದ. ಮಧ್ಯೆ ಒಂದು ಬಿದಿರು ಬುಟ್ಟಿ, ಅದರೊಳಗೆ ಒಣಹುಲ್ಲು, ಮೇಲೆ ಬಣ್ಣದ ಮೊಟ್ಟೆ. ಬೆಂಚಿನ ತುದೀಲಿ ಕಂಬಳಿ ಮಡಿಸಿ ಇಡ್ರಿ, ಹೊದಿಯೋಕಲ್ಲ, ಕರೀ ಬಣ್ಣದ ಪಕ್ಕ ಬಿಳೀ ಬಟ್ಟೆ ಎದ್ದು ಕಾಣುತ್ತೆ ಅಂತ.

ಬಾಗಿಲಿನ ಬಳೆಗೆ ಮೆಕ್ಕೆಜೋಳದ ಸಿಪ್ಪೆ. ರೋಡ್ ಪಕ್ಕ ಜೋಳದ ತೆನೆ ಸುಡೋರ ಹತ್ರ ಕೇಳಿದ್ರೆ ಒಂದು ಚೀಲ ಪುಕ್ಕಟೆ ಕೊಡ್ತಾರೆ, ಕೊಟ್ಟು ಉಪಕಾರ ಆಯ್ತು ಅಂತಾರೆ. ನೆರಳಲ್ಲಿ ಒಣಗಿಸಿ. ಮಾಡೋ ದಿನ ಹತ್ತು ನಿಮಿಷ ನೀರಲ್ಲಿ ನೆನೆಸಿದ್ರೆ ಬಟ್ಟೆ ಥರ ಬಗ್ಗುತ್ತೆ. ಎರಡು ಬೆರಳು ಅಗಲಕ್ಕೆ ಹರಿದು, ಪ್ರತಿ ತುಂಡನ್ನೂ ಮಡಿಚಿ ಕುಣಿಕೆ ಮಾಡಿ, ಬಿದಿರು ದಬ್ಬೆಯ ಬಳೆಗೆ ಸೆಣಬಿನ ದಾರದಿಂದ ಬಿಗೀರಿ, ಒಂದರ ಬುಡವನ್ನ ಇನ್ನೊಂದು ಮುಚ್ಚೋ ಹಾಗೆ ಒತ್ತೊತ್ತಾಗಿ. ಒಣಗಿದ ಮೇಲೆ ಹಾಗೇ ಬಿಗಿಯಾಗಿ ನಿಲ್ಲುತ್ತೆ, ಬೆಣ್ಣೆ ಬಣ್ಣ, ತುದೀಲಿ ಅಲ್ಲಲ್ಲಿ ತಿಳಿ ನೇರಳೆ ಗೆರೆ. ಅದನ್ನ ನೇತಾಕೋಕೆ ಅಂಟಿಸೋ ಹುಕ್ಕು ಬರುತ್ತೆ, ಗೋಡೆಗೆ ಬೇಡ, ಬಾಗಿಲ ಹಲಗೆಗೆ ಅಂಟಿಸಿ, ಸುಣ್ಣದ ಗೋಡೆಗೆ ಅದು ನಿಲ್ಲಲ್ಲ, ಪೇಂಟ್ ಕಿತ್ಕೊಂಡು ಬರುತ್ತೆ, ಆಮೇಲೆ ಓನರ್ ಜೊತೆ ಜಗಳ.

ನಿಮ್ಮ ಎರಡು ಸಾವಿರದಲ್ಲಿ ಒಂದೇ ಒಂದು ವಸ್ತು ಕೊಳ್ರಿ ಅಂದ್ರೆ ಬಲ್ಬು. ಬಿಳೀ ಟ್ಯೂಬ್‌ಲೈಟ್ ಕೆಳಗೆ ಏನು ಮಾಡಿದ್ರೂ ರೇಷನ್ ಅಂಗಡಿ ಥರಾನೇ ಕಾಣುತ್ತೆ. ಡಬ್ಬದ ಮೇಲೆ ವಾರ್ಮ್ ವೈಟ್, 2700ಕೆ ಅಂತ ಬರೆದಿರುತ್ತೆ ನೋಡಿ ತಗೊಳ್ರಿ.

ಪ್ರಶ್ನೆ: ಮಕ್ಕಳ ಜೊತೆ ಮೊಟ್ಟೆಗೆ ಬಣ್ಣ ಹಾಕ್ಬೇಕು. ಅಂಗಡಿ ಕಲರ್ ಹಾಕೋಕೆ ಭಯ, ಆಮೇಲೆ ತಿಂತಾರಲ್ಲ. ಈರುಳ್ಳಿ ಸಿಪ್ಪೇಲಿ ಮಾಡ್ಬಹುದು ಅಂತಾರೆ, ನಿಜಾನಾ? (ಕೆಳಗೋಟೆ, ಚಿತ್ರದುರ್ಗ)

ನಿಜ. ಈರುಳ್ಳಿ ಬೆಳೆಯೋ ಜಿಲ್ಲೇಲಿ ಕೂತು ಇದನ್ನ ಕೇಳ್ತೀರಲ್ಲ! ಗ್ರೀಸ್ ದೇಶದಲ್ಲಿ ಈಸ್ಟರ್ ಮೊಟ್ಟೆ ಅಂದ್ರೆ ಕೆಂಪೇ, ಕ್ರಿಸ್ತನ ರಕ್ತದ ಗುರುತು, ಪವಿತ್ರ ಗುರುವಾರ, ಅಂದ್ರೆ ಈಸ್ಟರ್‌ಗೆ ಮುಂಚಿನ ಗುರುವಾರ ಬಣ್ಣ ಹಾಕ್ತಾರೆ, ಹಳೇ ಕಾಲದಿಂದ ಅಲ್ಲೂ ಈರುಳ್ಳಿ ಸಿಪ್ಪೇನೇ ಉಪಯೋಗಿಸ್ತಾರೆ.

ಹತ್ತು ಹನ್ನೆರಡು ದೊಡ್ಡ ಈರುಳ್ಳಿ ಒಣ ಸಿಪ್ಪೆ, ಒಂದು ಲೀಟರ್ ನೀರು, ಸಣ್ಣ ಉರೀಲಿ ಅರ್ಧ ಗಂಟೆ. ನೀರು ಕಡು ಕಂದು ಆಗುತ್ತೆ. ಸೋಸಿ, ಆರಿಸಿ, ಎರಡು ಚಮಚ ವಿನಿಗರ್ ಹಾಕ್ರಿ. ಮೊಟ್ಟೆ ಚಿಪ್ಪು ಸುಣ್ಣದ್ದು ತಾನೆ, ಹುಳಿ ತಾಗಿದ್ರೆ ಮೇಲ್ಪದರ ಸ್ವಲ್ಪ ಕರಗಿ ಬಣ್ಣ ಹಿಡಿಯುತ್ತೆ, ಜಾಸ್ತಿ ಹಾಕಿದ್ರೆ ಗುಳ್ಳೆ ಎದ್ದು ಚಿಪ್ಪು ತರಿತರಿ ಆಗುತ್ತೆ. ಬೇಯಿಸಿದ ಮೊಟ್ಟೆ ಅದರಲ್ಲಿ ಮುಳುಗಿಸಿ ಫ್ರಿಜ್ಜಲ್ಲಿಡ್ರಿ. ಒಂದು ಗಂಟೆಗೆ ಕಿತ್ತಳೆ, ರಾತ್ರಿ ಪೂರ್ತಿ ಬಿಟ್ರೆ ಇಟ್ಟಿಗೆ ಕೆಂಪು. ಅರಿಶಿನದ ನೀರಲ್ಲಿ ಹಳದಿ, ಬೀಟ್‌ರೂಟಲ್ಲಿ ಗುಲಾಬಿ, ನೇರಳೆ ಎಲೆಕೋಸಲ್ಲಿ ಮಾತ್ರ ಆಶ್ಚರ್ಯ, ನೀರು ನೇರಳೆ ಇರುತ್ತೆ, ಮೊಟ್ಟೆ ನೀಲಿ ಆಗಿ ಬರುತ್ತೆ, ಮಕ್ಕಳಿಗೆ ಅದನ್ನ ಕೊನೇಗಿಡ್ರಿ. ಹಳದಿ, ನೀಲಿಗೆ ಫಾರಂ ಮೊಟ್ಟೇನೇ ಬೇಕು, ಬಿಳಿ ಇರ್ಬೇಕು. ನಾಟಿ ಮೊಟ್ಟೆ ಮೇಲೆ ಈರುಳ್ಳಿ ಬಣ್ಣ ಚೆಂದ ಕೂರುತ್ತೆ.

ಇನ್ನೂ ಒಂದು ಮಾಡಿ ನೋಡ್ರಿ. ಕೊತ್ತಂಬರಿ ಎಲೆ ಒಂದನ್ನ ಒದ್ದೆ ಮಾಡಿ ಮೊಟ್ಟೆ ಮೇಲೆ ಚಪ್ಪಟೆಯಾಗಿ ಅಂಟಿಸಿ, ಹಳೇ ನೈಲಾನ್ ಸಾಕ್ಸ್ ತುಂಡಲ್ಲಿ ಬಿಗಿಯಾಗಿ ಸುತ್ತಿ, ಹಿಂದೆ ಗಂಟು ಹಾಕಿ ಬಣ್ಣಕ್ಕಿಳಿಸಿ. ಬಿಚ್ಚಿದಾಗ ಕೆಂಪು ಮೊಟ್ಟೆ ಮೇಲೆ ಎಲೆಯ ಒಂದೊಂದು ಹಲ್ಲೂ ಬೆಳ್ಳಗೆ ಮೂಡಿರುತ್ತೆ. ಬೇವಿನೆಲೆ, ನುಗ್ಗೆ ಎಲೇಲೂ ಆಗುತ್ತೆ. ಒಣಗಿದ ಮೇಲೆ ಕಡ್ಲೆಕಾಯಿ ಎಣ್ಣೆ ಎರಡು ಹನಿ ಬಟ್ಟೇಲಿ ಒರೆಸಿದ್ರೆ ಹೊಳಪು.

ತಿನ್ನೋ ಮೊಟ್ಟೆ ಬೇರೆ, ಅಲಂಕಾರದ ಮೊಟ್ಟೆ ಬೇರೆ, ಇದು ಕಟ್ಟುನಿಟ್ಟು. ನಮ್ಮ ಬಿಸಿಲಿಗೆ ಬೇಯಿಸಿದ ಮೊಟ್ಟೆ ಫ್ರಿಜ್ಜಿಂದಾಚೆ ಒಂದು ಗಂಟೆಗಿಂತ ಜಾಸ್ತಿ ಇದ್ರೆ ಮಕ್ಕಳಿಗೆ ಕೊಡಬೇಡ್ರಿ. ಬುಟ್ಟೀಲಿಡೋಕೆ ಖಾಲಿ ಚಿಪ್ಪು ಮಾಡ್ಕೊಳ್ರಿ, ಮೇಲೊಂದು ಸೂಜಿ ತೂತು, ಕೆಳಗೆ ಸ್ವಲ್ಪ ದೊಡ್ಡದು, ಒಳಗಿನ ಹಳದೀನ ಸೂಜೀಲಿ ಒಡೆದು ಊದಿದ್ರೆ ಎಲ್ಲ ಹೊರಗೆ ಬರುತ್ತೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಈಗಿಂದ್ಲೇ ಮನೇಲಿ ಆಮ್ಲೆಟ್ ಮಾಡಿದಾಗೆಲ್ಲ ಚಿಪ್ಪು ಒಡೀದೆ ಹೀಗೆ ತೆಗೆದಿಟ್ರೆ ಹಬ್ಬದ ಹೊತ್ತಿಗೆ ಒಂದು ಬುಟ್ಟಿ ಆಗುತ್ತೆ.

ಪ್ರಶ್ನೆ: ನಮ್ಮ ಓನರ್ ಕೆಳಗಡೇನೇ ಇದ್ದಾರೆ, ಲಿಂಗಾಯತರು, ಒಳ್ಳೆ ಜನ, ಆದ್ರೆ ಮನೆ ಕೊಡುವಾಗ್ಲೇ ಮೊಟ್ಟೆ ಮಾಂಸ ಒಳಗೆ ತರಂಗಿಲ್ಲ ಅಂದಿದ್ರು, ನಾವೂ ಒಪ್ಪಿದ್ವಿ. ಮೊಟ್ಟೆ ಇಲ್ದೆ ಈಸ್ಟರ್ ಅಲಂಕಾರ ಹೇಗೆ? (ಪಿ.ಜೆ. ಬಡಾವಣೆ, ದಾವಣಗೆರೆ)

ಒಪ್ಪಿದ್ದೀರಿ ಅಂದ್ಮೇಲೆ ಖಾಲಿ ಚಿಪ್ಪೂ ಬೇಡ. ಕದ್ದು ತರೋದು ಅಂತೂ ಬೇಡವೇ ಬೇಡ, ಹಬ್ಬದ ದಿನ ಯಾಕೆ ಎದೆ ಡವಡವ.

ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆ ಮಾಡೋರು ಮೊಟ್ಟೆ ಆಕಾರದವನ್ನೂ ಕಡೆದು ಕೊಡ್ತಾರೆ, ಒಂದು ಸಲ ತಂದ್ರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಅದು ದುಬಾರಿ ಅನ್ಸಿದ್ರೆ ದಾರದ ಮೊಟ್ಟೆ. ಸಣ್ಣ ಬಲೂನನ್ನ ಮೊಟ್ಟೆ ಗಾತ್ರಕ್ಕೆ ಊದಿ, ಹತ್ತಿ ದಾರಾನ ಗಟ್ಟಿ ಮೈದಾ ಗಂಜೀಲಿ ಅದ್ದಿ ಅಡ್ಡಾದಿಡ್ಡಿ ಸುತ್ತಿ, ಬಿಸಿಲಲ್ಲಿ ಒಣಗಿಸಿ ಬಲೂನ್ ಚುಚ್ಚಿ ಎಳೆದು ಬಿಡ್ರಿ. ಬಲೆ ಬಲೆ ಮೊಟ್ಟೆ ಉಳಿಯುತ್ತೆ. ನಮ್ಮ ಬಿಸಿಲು ಒಂದೇ ಮಧ್ಯಾಹ್ನದಲ್ಲಿ ಈ ಕೆಲಸ ಮುಗಿಸಿ ಕೊಡುತ್ತೆ. ಗಂಜೀಲಿ ಚಿಟಿಕೆ ಮೈಲುತುತ್ತ ಹಾಕಿದ್ರೆ ಜಿರಳೆ ಮುಟ್ಟಲ್ಲ ಅಂತ ಹಳಬರು ಹೇಳ್ತಾರೆ, ಅದು ವಿಷ, ಮಕ್ಕಳಿರೋ ಮನೇಲಿ ಖಂಡಿತ ಬೇಡ, ಬದಲಿಗೆ ಹಬ್ಬ ಆದ್ಮೇಲೆ ಡಬ್ಬೀಲಿ ಮುಚ್ಚಿಡ್ರಿ.

ಈ ದಾರದ ಮೊಟ್ಟೆಗಳನ್ನ ನೇತಾಕೋಕೆ ಒಣ ಕೊಂಬೆ ಬೇಕು. ಜರ್ಮನಿ ಕಡೆ ಈಸ್ಟರ್ ಗಿಡ ಅಂತ ಕೊಂಬೆಗೆ ಮೊಟ್ಟೆ ಕಟ್ಟೋ ರೂಢಿ ಇದೆ. ನಿಮಗೆ ಸೀತಾಫಲದ ಕೊಂಬೆ ಸಿಕ್ರೆ ಬಿಡಬೇಡ್ರಿ, ಬೇಸಿಗೇಲಿ ಎಲೆ ಉದುರಿ ಬರಿ ರೆಂಬೆ ಅಂಕುಡೊಂಕಾಗಿ ನಿಂತಿರುತ್ತೆ, ಯಾವ ಅಂಗಡೀಲೂ ಅಂಥದ್ದು ಸಿಗಲ್ಲ. ಚಿತ್ರದುರ್ಗದ ಗುಡ್ಡದ ಕಡೆ ಹೊಲ ಇರೋ ಪರಿಚಯದವರಿಗೆ ಹೇಳಿಟ್ರೆ ಆಯ್ತು, ಕಾಡಲ್ಲಿ ಮುರೀಬೇಡ್ರಿ. ಮಣ್ಣಿನ ಮಡಕೇಲಿ ಮರಳು ತುಂಬಿ ನೆಟ್ಟುಬಿಡ್ರಿ. ಜಾಲಿ ಕೊಂಬೆ ಮುಳ್ಳಿನ ಕಿರೀಟದ ನೆನಪಿಗೆ ಚೆಂದ ಅಂತ ಒಬ್ರು ಹೇಳಿದ್ರು, ಶುಭ ಶುಕ್ರವಾರಕ್ಕೆ ಸರಿ, ಭಾನುವಾರ ಓಡಾಡೋ ಮಕ್ಕಳ ಕಣ್ಣೆತ್ತರಕ್ಕೆ ಅದು ಬೇಡ.

ಕೆಳಗಡೆಯವರಿಗೂ ಒಂದು ದಾರದ ಮೊಟ್ಟೆ ಕೊಡ್ರಿ, ಒಳಗೆ ಒಂದು ಪುಟ್ಟ ಬೆಲ್ಲದ ಚಿಕ್ಕಿ ಇಟ್ಟು.

ಪ್ರಶ್ನೆ: ಅತ್ತೆ ಶನಿವಾರ ರಾತ್ರಿವರೆಗೂ ಒಂದು ಹೂ ಕೂಡ ಇಡಬಾರ್ದು ಅಂತಾರೆ. ಮಕ್ಕಳು ಈಗ್ಲೇ ಶುರು ಮಾಡೋಣ ಅಂತ ಹಠ. ನಾನು ಮಧ್ಯೆ ಸಿಕ್ಕಾಕೊಂಡಿದ್ದೀನಿ. (ಹರಿಹರ)

ಅತ್ತೆ ಸರಿ. ಈ ಮಾತು ನಾನು ಈ ಅಂಕಣದಲ್ಲಿ ಅಪರೂಪಕ್ಕೆ ಹೇಳೋದು, ಕತ್ತರಿಸಿ ಇಟ್ಕೊಳ್ರಿ.

ಫೋಟೋಗಳಲ್ಲಿ ಮಾರ್ಚ್ ಒಂದಕ್ಕೇ ಮೊಟ್ಟೆ, ಹೂವು, ದೀಪ ಎಲ್ಲ ತುಂಬಿರುತ್ತೆ, ಮಾರೋರಿಗೆ ಅದು ಬೇಕು. ಆದ್ರೆ ಈ ಹಬ್ಬದ ರುಚಿ ಇರೋದೇ ಖಾಲಿಯಿಂದ ತುಂಬೋದ್ರಲ್ಲಿ. ವಿಭೂತಿ ಬುಧವಾರದಿಂದ ತಪಸ್ಸುಕಾಲ, ಅಂದ್ರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಎಷ್ಟೋ ಚರ್ಚ್‌ಗಳಲ್ಲಿ ಕೊನೇ ಎರಡು ವಾರ ಶಿಲುಬೆ, ಪ್ರತಿಮೆಗಳಿಗೆ ನೇರಳೆ ಬಟ್ಟೆ ಮುಚ್ಚಿರ್ತಾರೆ, ಗುರುವಾರ ಸಂಜೆ ಪೂಜೆ ಮುಗಿದ ಮೇಲೆ ಪೀಠದ ಬಟ್ಟೆ, ಮೇಣದಬತ್ತಿ ಎಲ್ಲ ತೆಗೆದು ಬರಿದು ಮಾಡ್ತಾರೆ. ಶುಭ ಶುಕ್ರವಾರ ಗಂಟೆ ಕೂಡ ಬಾರಿಸಲ್ಲ. ಶನಿವಾರ ರಾತ್ರಿ ಜಾಗರಣೆಗೆ ಚರ್ಚ್ ದೀಪ ಎಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಆ ಬೆಂಕಿಯಿಂದ ಪಾಸ್ಕ ಮೇಣದಬತ್ತಿ ಅನ್ನೋ ಈಸ್ಟರ್‌ನ ದೊಡ್ಡ ಬತ್ತಿ, ಅದರಿಂದ ಜನರ ಕೈಲಿರೋ ಬತ್ತಿ ಒಂದೊಂದಾಗಿ ಹತ್ತಿಕೊಳ್ತಾ ಒಳಗೆ ಬರುತ್ತೆ. ಮನೇಲೂ ಇದೇ ಕ್ರಮ ಇಟ್ಕೊಂಡ್ರೆ ನೂರು ರೂಪಾಯಿ ಅಲಂಕಾರ ಸಾವಿರದ ಹಾಗೆ ಕಾಣುತ್ತೆ. ಶುಕ್ರವಾರ ಟೇಬಲ್ ಬರಿದಾಗಿರ್ಲಿ, ಬಟ್ಟೆ ಬೇಡ, ಏನೂ ಬೇಡ. ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಹಾಸ್ರಿ. ಬೆಳಿಗ್ಗೆ ಎದ್ದು ಬರ್ತಾರಲ್ಲ, ಆ ಮುಖ ನೋಡ್ಬೇಕು.

ಹಂಗಂತ ಮಕ್ಕಳ ಕೈ ಕಟ್ಟಬೇಡ್ರಿ. ಅಲಂಕಾರ ಬೇಡ ಅಂದಿದ್ದಾರೆ ಅತ್ತೆ, ತಯಾರಿ ಬೇಡ ಅಂದಿಲ್ವಲ್ಲ. ಗರಿ ಭಾನುವಾರ, ಮಾರ್ಚ್ 29ಕ್ಕೆ, ಚರ್ಚಿಂದ ತೆಂಗಿನ ಗರಿ ತಂದಮೇಲೆ ಒಂದು ಹಿಡಿ ಗೋಧಿ ನೆನೆಹಾಕಿಸಿ. ಮಾರನೇ ದಿನ ಅಡಿಕೆ ಹಾಳೆ ತಟ್ಟೇಲಿ ತೆಳ್ಳಗೆ ಮಣ್ಣು ಹರಡಿ, ಗೋಧಿ ಒತ್ತಾಗಿ ಹಾಕಿ, ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡ್ರಿ, ದಸರಾ ಘಟ ಇಡೋ ಮನೆಗಳಲ್ಲಿ ಸಸಿ ಹಾಕ್ತಾರಲ್ಲ ಹಾಗೇ. ಮೊಳಕೆ ಕಂಡ ಕೂಡ್ಲೇ ಬಟ್ಟೆ ತೆಗೆದು ದಿನಾ ಎರಡು ಹೊತ್ತು ನೀರು ಚಿಮುಕಿಸೋದು ಮಕ್ಕಳ ಡ್ಯೂಟಿ. ಈ ಸೆಖೆಗೆ ಭಾನುವಾರದ ಹೊತ್ತಿಗೆ ಬೆರಳುದ್ದ ಹಸಿರು ಎದ್ದಿರುತ್ತೆ. ಅದರ ಮಧ್ಯೆ ಮೊಟ್ಟೆ ಇಟ್ರೆ ಪ್ಲಾಸ್ಟಿಕ್ ಹುಲ್ಲಿನ ಗೂಡು ಯಾವ ಮೂಲೆಗೆ. ಕಾಳು ಮಣ್ಣಿಗೆ ಬಿದ್ದು ಸತ್ತರೇನೇ ಬಹಳ ಫಲ ಕೊಡೋದು ಅಂತ ಯೋಹಾನನ ಸುವಾರ್ತೇಲಿ ಯೇಸು ಹೇಳ್ತಾರಲ್ಲ, ಅತ್ತೇಗೆ ಅದನ್ನ ತೋರಿಸಿ, ಅವರೇ ನೀರು ಹಾಕ್ತಾರೆ ನೋಡ್ರಿ.

ಅಂದಹಾಗೆ ಸೋಮವಾರಾನೇ ಎಲ್ಲ ಕಿತ್ತು ಗಂಟು ಕಟ್ಟಬೇಡ್ರಿ. ಈಸ್ಟರ್ ಕಾಲ 50 ದಿನ, ಈ ಸಲ ಮೇ 24ಕ್ಕೆ ಬರೋ ಪೆಂತೆಕೋಸ್ತ್ ಹಬ್ಬದ‌ವರೆಗೆ. ಬಳೆ, ಕೊಂಬೆ ಅಲ್ಲೀವರೆಗೂ ಇರ್ಲಿ. ಚರ್ಚಿಂದ ತಂದ ಗರೀಲಿ ಮಾಡಿದ ಶಿಲುಬೆ ಮಾತ್ರ ವರ್ಷ ಪೂರ್ತಿ ಇಟ್ಟು, ಮುಂದಿನ ವಿಭೂತಿ ಬುಧವಾರಕ್ಕೆ ಮುಂಚೆ ಚರ್ಚ್‌ಗೆ ಕೊಡ್ರಿ, ಸುಟ್ಟು ಬೂದಿ ಮಾಡ್ತಾರೆ.

ಪ್ರಶ್ನೆ: ಮೊಲದ ಗೊಂಬೆ ಇಡ್ಬಹುದಾ? ಬೈಬಲ್‌ನಲ್ಲಿ ಮೊಲ ಎಲ್ಲಿದೆ? (ಹೊಳಲ್ಕೆರೆ)

ಈಸ್ಟರ್ ಕಥೇಲಿ ಇಲ್ಲ. ಅದು ಜರ್ಮನಿ ಕಡೆ ಮಕ್ಕಳ ಕಥೆ, ಮೊಲ ಮೊಟ್ಟೆ ತಂದು ಹುಲ್ಲಲ್ಲಿ ಬಚ್ಚಿಡುತ್ತೆ ಅಂತ, 1682ರಲ್ಲೇ ಒಬ್ಬ ಜರ್ಮನ್ ವೈದ್ಯ ಇದರ ಬಗ್ಗೆ ಬರೆದಿದ್ದಾನೆ. ಇಟ್ರೆ ತಪ್ಪಿಲ್ಲ, ಇಡದಿದ್ರೂ ಏನೂ ಕಮ್ಮಿ ಇಲ್ಲ. ನನ್ನ ಕೇಳಿದ್ರೆ ನಮ್ಮ ಕಡೆಗೆ ಕುರಿಮರಿ ಹೊಂದುತ್ತೆ, ಕುರಿ ಉಣ್ಣೆ ಚೂರು ಹತ್ತಿ ಉಂಡೆಗೆ ಸುತ್ತಿ ನಾಲ್ಕು ಕಡ್ಡಿ ಚುಚ್ಚಿದ್ರೆ ಮರಿ ರೆಡಿ.

ಪ್ರಶ್ನೆ: ಈಸ್ಟರ್ ಲಿಲ್ಲಿ ಸಿಗ್ತಿಲ್ಲ, ಬೆಂಗಳೂರಿಂದ ತರಿಸಿದ್ರೆ ಒಂದೊಂದು ಕಡ್ಡಿಗೂ ಕೇಳೋ ರೇಟ್ ನೋಡಿ ತಲೆ ತಿರುಗ್ತು. ಮತ್ತೆ ನಮ್ಮನೇಲಿ ಬೆಕ್ಕಿದೆ. (ನಿಟ್ಟುವಳ್ಳಿ, ದಾವಣಗೆರೆ)

ಬೆಕ್ಕಿದೆ ಅಂದ್ರಲ್ಲ, ಅಲ್ಲಿಗೆ ಮುಗೀತು, ಲಿಲ್ಲಿ ಬೇಡ. ಅದರ ಎಲೆ, ಪರಾಗ, ಕುಂಡದ ನೀರು ಕೂಡ ಬೆಕ್ಕಿನ ಕಿಡ್ನಿ ಕೆಡಿಸುತ್ತೆ, ಪ್ರಾಣಕ್ಕೇ ಅಪಾಯ.

ಆ ಲಿಲ್ಲಿಯ ತವರು ಜಪಾನಿನ ದಕ್ಷಿಣದ ದ್ವೀಪಗಳು, ಯೆರೂಸಲೇಮಲ್ಲ, ಹಾಗಾಗಿ ಅದೇ ಆಗ್ಬೇಕು ಅಂತ ಏನಿಲ್ಲ. ಸುಗಂಧರಾಜದ ಕಡ್ಡಿ ತಗೊಳ್ರಿ, ಬಿಳಿ, ಉದ್ದ, ಸಂಜೆಗೆ ಘಮ್ಮನ್ನುತ್ತೆ. ಬುಡ ಓರೆಯಾಗಿ ಕತ್ತರಿಸಿ ಹಿತ್ತಾಳೆ ತಂಬಿಗೇಲಿ ಇಡ್ರಿ, ದಿನಾ ನೀರು ಬದಲಿಸಿ. ಇನ್ನೊಂದು ನೋಡ್ರಿ, ಈಸ್ಟರ್ ಬರೋದೇ ಹುಣ್ಣಿಮೆ ಲೆಕ್ಕಕ್ಕೆ, ಮಾರ್ಚ್ 21ರಂದು ಅಥವಾ ಅದರ ನಂತರ ಬರೋ ಮೊದಲ ಹುಣ್ಣಿಮೆ ಆದ್ಮೇಲಿನ ಭಾನುವಾರ. ಈ ಸಲ ಆ ಹುಣ್ಣಿಮೆ ನಮ್ಮ ದವನದ ಹುಣ್ಣಿಮೇನೇ. ಅಂದ್ರೆ ಹೂವಿನ ಮಾರ್ಕೆಟ್ಟಲ್ಲಿ ಕಟ್ಟು ಕಟ್ಟು ದವನ ಬಂದಿರುತ್ತೆ. ಬೂದು ಹಸಿರು ಬಣ್ಣ, ಫೋಟೋಗಳಲ್ಲಿ ಅವರು ಇಡೋ ಯಾವ್ಯಾವುದೋ ವಿದೇಶಿ ಸೊಪ್ಪಿಗೆ ತಲೆ ಮೇಲೆ ಹೊಡೆದ ಹಾಗಿರುತ್ತೆ, ಬಾಡಿದ್ರೂ ವಾಸನೆ ಬಿಡಲ್ಲ. ಸುಗಂಧರಾಜದ ಜೊತೆ ನಾಲ್ಕು ಕಡ್ಡಿ ದವನ, ಪಕ್ಕದ ಕಾಂಪೌಂಡಿನ ಕಾಗದದ ಹೂ ಒಂದು ಗೊಂಚಲು, ಕೇಳಿ ಕಿತ್ಕೊಳ್ರಿ.

ಪ್ರಶ್ನೆ: ಉದ್ದ ಮೇಣದಬತ್ತಿ ಮಧ್ಯಾಹ್ನದೊಳಗೆ ಬಾಗಿ ಹೋಗುತ್ತೆ. (ಹಿರಿಯೂರು)

ಹೋಗೇ ಹೋಗುತ್ತೆ. ಉದ್ದದ್ದು ಬಿಟ್ಟು ಗಿಡ್ಡ ದಪ್ಪದ್ದು ತಗೊಂಡು ಗಾಜಿನ ಲೋಟದಲ್ಲಿ ರಾಗಿ ಹಾಕಿ ನಿಲ್ಲಿಸಿ, ಕಿಟಕಿ ಹತ್ರ ಬೇಡ. ಜೋಳದ ಸಿಪ್ಪೆ, ಒಣಹುಲ್ಲಿನಿಂದ ಒಂದು ಮೊಳ ದೂರ ಇರ್ಲಿ, ಫ್ಯಾನ್ ಗಾಳಿಗೆ ಒಂದು ಎಳೆ ಹಾರಿ ಬಿದ್ರೂ ಸಾಕು.

ಪ್ರಶ್ನೆ: ಈಸ್ಟರ್ ಬೆಳಗಿನ ತಿಂಡಿಗೆ ಟೇಬಲ್ ಚೆಂದ ಮಾಡ್ತೀವಿ, ಆದ್ರೆ ಮಾಡೋದು ಬೆಣ್ಣೆ ದೋಸೆ. ಕಾಟೇಜ್ ಟೇಬಲ್ ಮೇಲೆ ದೋಸೆ ಇಟ್ರೆ ನಗಲ್ವಾ ನೋಡಿದವ್ರು? (ದಾವಣಗೆರೆ)

ದಾವಣಗೇರಲ್ಲಿ ಬೆಣ್ಣೆ ದೋಸೆ ನೋಡಿ ನಗೋರು ಯಾರ್ರಿ, ಅಡ್ರೆಸ್ ಕೊಡ್ರಿ.

ಹಿಂದೆ ಯುರೋಪಲ್ಲಿ ತಪಸ್ಸುಕಾಲದಲ್ಲಿ ಮಾಂಸದ ಜೊತೆ ಮೊಟ್ಟೆ, ಹಾಲು, ಬೆಣ್ಣೇನೂ ಬಿಡ್ತಿದ್ರು. ಮೊಟ್ಟೆ ಈಸ್ಟರ್‌ಗೆ ಅಂಟಿಕೊಂಡಿದ್ದಕ್ಕೆ ಅದೂ ಒಂದು ಕಾರಣ, ಕೋಳಿಗೇನು ಉಪವಾಸ ಗೊತ್ತಾ, ಇಡ್ತಾನೇ ಇರುತ್ತೆ, ಎಲ್ಲ ಹಬ್ಬಕ್ಕೆ ಒಟ್ಟಾಗ್ತಿತ್ತು. ಬೆಣ್ಣೆಗೂ ಹಾಗೇ. ಪೋಲೆಂಡಲ್ಲಿ ಈಗಲೂ ಈಸ್ಟರ್ ಟೇಬಲ್ ಮಧ್ಯೆ ಬೆಣ್ಣೇಲಿ ಮಾಡಿದ ಕುರಿಮರಿ ಇಡ್ತಾರೆ. ಬೆಣ್ಣೆ ಊರಿನವರು ನೀವು ಅದನ್ನ ಮಾಡದೆ ಇನ್ಯಾರು ಮಾಡ್ಬೇಕು? ಬಿಳೀ ಬೆಣ್ಣೇನ ಶನಿವಾರ ರಾತ್ರಿ ಫ್ರಿಜ್ಜಲ್ಲಿ ಗಟ್ಟಿ ಮಾಡಿ, ತಣ್ಣೀರಲ್ಲಿ ಅದ್ದಿದ ಕೈಯಲ್ಲಿ ದೊಡ್ಡ ಉಂಡೆ ಮೈಗೆ, ಸಣ್ಣದು ತಲೆಗೆ. ಉಣ್ಣೆ ಸುರುಳಿ ಬರೋಕೆ ಒಂದಿಷ್ಟು ಬೆಣ್ಣೇನ ಟೀ ಜರಡಿ ಮೂಲಕ ಒತ್ತಿ, ಹೊರಗೆ ಬಂದ ಎಳೆಗಳನ್ನ ಚಾಕು ತುದೀಲಿ ಎತ್ತಿ ಮೈಗೆ ಅಂಟಿಸ್ತಾ ಹೋಗ್ರಿ. ಕಣ್ಣಿಗೆ ಎರಡು ಮೆಣಸಿನ ಕಾಳು, ಕುತ್ತಿಗೆಗೆ ಕೆಂಪು ದಾರ. ಭಾನುವಾರ ಐಸ್ ತುಂಬಿದ ತಟ್ಟೆ ಮೇಲೆ ಬಟ್ಟಲಿಟ್ಟು ಅದರಲ್ಲಿ ಕೂರಿಸಿ. ಬೆಳಿಗ್ಗೆ ಎಂಟು ಗಂಟೆವರೆಗೆ ನಿಲ್ಲುತ್ತೆ, ಅಷ್ಟೊತ್ತಿಗೆ ಫೋಟೋ ಗೀಟೋ ಎಲ್ಲ ತೆಗೆದುಕೊಂಡು ಬಿಡ್ರಿ, ಆಮೇಲೆ ಮರಿ ಬಾಲದ ಕಡೆಯಿಂದ ಚಮಚ ಹಾಕಿ ಕೆರೆದು ಹಂಚಿನ ಮೇಲಿರೋ ದೋಸೆಗೆ.